ಇಪ್ಪತ್ತೈದು ಅಕ್ಷರಗಳ ಕೀ, ಅದರ ಹಿಂದಿನ ಪರವಾನಗಿ

ಗಣಕಯಂತ್ರದ ಬಿಡಿಭಾಗಗಳನ್ನು ಜೋಡಿಸಿ ವಿದ್ಯುತ್ತು ಹರಿಸಿದ ಮಾತ್ರಕ್ಕೆ ಅದು ಕೆಲಸಕ್ಕೆ ಬರುವುದಿಲ್ಲ. ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಬೋರ್ಡ್, ಪರದೆ ಇವುಗಳ ನಡುವೆ ಹೊಂದಾಣಿಕೆ ತಂದು, ಬಳಕೆದಾರರ ಅಪ್ಪಣೆಗಳನ್ನು ಯಂತ್ರದ ಕ್ರಿಯೆಗಳನ್ನಾಗಿ ನಡೆಸಿಕೊಡುವ ಒಂದು ಮೂಲ ತಂತ್ರಾಂಶ ಅದರಲ್ಲಿ ನೆಲೆಗೊಳ್ಳಬೇಕು. ಆಪರೇಟಿಂಗ್ ಸಿಸ್ಟಂ ಎಂದು ಕರೆಯಲಾಗುವ ಈ ಮೂಲ ತಂತ್ರಾಂಶವನ್ನು ಡಿಸ್ಕಿಗೆ ಪ್ರತಿಮಾಡಿ, ಆ ಯಂತ್ರದ ಭಾಗಗಳಿಗೆ ತಕ್ಕಂತೆ ಅಣಿಗೊಳಿಸುವ ಕೆಲಸವೇ ಇನ್‌ಸ್ಟಲೇಶನ್. ಈ ಕೆಲಸದ ನಡುವೆ ಪರದೆಯ ಮೇಲೆ ಎರಡು ಬೇಡಿಕೆಗಳು ಮೂಡುತ್ತವೆ: ದೀರ್ಘವಾದ ಒಪ್ಪಂದವೊಂದಕ್ಕೆ ಸಮ್ಮತಿ ಕೊಡಬೇಕು, ಅಕ್ಷರ ಮತ್ತು ಅಂಕಿಗಳ ಸಾಲೊಂದನ್ನು ನಮೂದಿಸಬೇಕು. ಮೊದಲನೆಯದು ಪರವಾನಗಿ, ಎರಡನೆಯದು ಪ್ರಾಡಕ್ಟ್ ಕೀ. ಒಪ್ಪಂದವನ್ನು ಹೆಚ್ಚಿನವರು ಓದದೆಯೇ ದಾಟಿಹೋಗುವುದರಿಂದಲೂ, ಕೀ ತುಂಬಿದೊಡನೆ ಯಂತ್ರ ತೆರೆದುಕೊಳ್ಳುವುದರಿಂದಲೂ, ಕೀ ಇದ್ದರೆ ಪರವಾನಗಿ ಇದ್ದಂತೆಯೇ ಎಂಬ ಭಾವನೆ ಬೇರೂರಿದೆ. ಈ ಭಾವನೆ ಎಲ್ಲಿ ತಪ್ಪುತ್ತದೆ, ಗಣಿತವು ಯಾವ ಮಟ್ಟಿಗೆ ಕಾನೂನಿನ ಕಾವಲು ಕಾಯಬಲ್ಲದು, ಕೀ ಬೇಡದ ಪರವಾನಗಿಗಳ ನಿಯಮವೇನು ಎಂಬುದನ್ನು ಈ ಅಧ್ಯಾಯ ವಿವರಿಸುತ್ತದೆ.

ಹುಬ್ಬಳ್ಳಿ-ಧಾರವಾಡದ ಅವಳಿ ನಗರಕ್ಕೆ ಇದು ದೂರದ ವಿಷಯವಲ್ಲ. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ 1979ರ ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜೂ ಇವೆ. 2015ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, 2016ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆ ಇವುಗಳ ಜೊತೆಗೂಡಿದವು. ಇವೆಲ್ಲವುಗಳ ಪ್ರಯೋಗಾಲಯಗಳಲ್ಲಿ, ಮನೋಹರ ಗ್ರಂಥಮಾಲೆಯಂಥ ಹಳೆಯ ಪ್ರಕಾಶನ ಸಂಸ್ಥೆಗಳ ಸುತ್ತ ಬೆಳೆದ ಅಚ್ಚಿನ ಉದ್ಯಮದಲ್ಲಿ, ಡಿಟಿಪಿ ಕೇಂದ್ರಗಳಲ್ಲಿ, 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠವನ್ನು ಆಶ್ರಯಿಸಿದ ವಕೀಲರ ಕಚೇರಿಗಳಲ್ಲಿ ಗಣಕಯಂತ್ರ ನಿತ್ಯದ ಸಾಧನ. ಅಂಗಡಿಯಲ್ಲಿ ಬಿಡಿಭಾಗ ಕೂಡಿಸಿ ಕೊಡುವ ‘ಅಸೆಂಬಲ್ಡ್’ ಯಂತ್ರವನ್ನು ಕೊಳ್ಳುವಾಗ, ಅಥವಾ ನಿಧಾನವಾದ ಹಳೆಯ ಯಂತ್ರವನ್ನು ‘ಫಾರ್ಮ್ಯಾಟ್’ ಮಾಡಿಸುವಾಗ, ಒರಿಜಿನಲ್ ವಿಂಡೋಸ್ ಹಾಕಬೇಕೋ ಸುಮ್ಮನೆ ವಿಂಡೋಸ್ ಹಾಕಿದರೆ ಸಾಕೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಗೆ ತಿಳಿದು ಉತ್ತರಿಸಬೇಕಾದರೆ ಕೊಳ್ಳುವವರ ಕೈಗೆ ನಿಜವಾಗಿ ಬರುವುದು ಏನು ಎಂಬುದು ಮೊದಲು ಗೊತ್ತಿರಬೇಕು.

ಕೊಂಡವರಿಗೆ ದೊರೆಯುವುದೇನು

ಮುದ್ರಿತ ಪುಸ್ತಕವನ್ನು ಕೊಂಡವರು ಆ ಪ್ರತಿಗೆ ಒಡೆಯರಾಗುತ್ತಾರೆ. ಅದನ್ನು ಓದಬಹುದು, ಇನ್ನೊಬ್ಬರಿಗೆ ಕೊಡಬಹುದು, ಮಾರಲೂಬಹುದು, ಆದರೆ ಅದನ್ನು ಮರುಮುದ್ರಿಸುವ ಹಕ್ಕು ಲೇಖಕರ ಅಥವಾ ಪ್ರಕಾಶಕರ ಬಳಿಯೇ ಉಳಿಯುತ್ತದೆ. ಗಣಕದ ಪ್ರೋಗ್ರಾಂ ಈ ವಿಂಗಡಣೆಗೆ ಸುಲಭವಾಗಿ ಒಗ್ಗುವುದಿಲ್ಲ, ಏಕೆಂದರೆ ಅದನ್ನು ಬಳಸುವ ಕ್ರಿಯೆಯೇ ಪ್ರತಿಮಾಡುವ ಕ್ರಿಯೆ: ಸಿ.ಡಿ.ಯಿಂದ ಅಥವಾ ಪೆನ್‌ಡ್ರೈವಿನಿಂದ ಡಿಸ್ಕಿಗೆ ಒಂದು ಪ್ರತಿ, ಪ್ರತಿ ಬಾರಿ ಯಂತ್ರವನ್ನು ಚಾಲೂ ಮಾಡಿದಾಗ ಡಿಸ್ಕಿನಿಂದ ಮೆಮೊರಿಗೆ ಮತ್ತೊಂದು ಪ್ರತಿ. ಆದ್ದರಿಂದ ಪ್ರತಿಮಾಡುವ ಹಕ್ಕಿನ ಒಡೆಯರು, ಎಷ್ಟು ಯಂತ್ರಗಳಲ್ಲಿ, ಯಾವ ಉದ್ದೇಶಕ್ಕೆ, ಯಾವ ಷರತ್ತಿನ ಮೇಲೆ ಈ ಪ್ರತಿಗಳು ಆಗಬಹುದು ಎಂದು ಬರೆದುಕೊಡುವ ಅನುಮತಿಯೇ ಪರವಾನಗಿ.

ಭಾರತದಲ್ಲಿ ಇದಕ್ಕೆ ಆಧಾರ 1957ರ ಕೃತಿಸ್ವಾಮ್ಯ ಅಧಿನಿಯಮ. 1984ರ ತಿದ್ದುಪಡಿಯು ಗಣಕದ ಪ್ರೋಗ್ರಾಮುಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. 1994ರಲ್ಲಿ ಅಂಗೀಕಾರಗೊಂಡು 1995ರ ಮೇ 10ರಿಂದ ಜಾರಿಗೆ ಬಂದ ತಿದ್ದುಪಡಿಯು ಪ್ರೋಗ್ರಾಂ ಎಂದರೇನೆಂದು ನಿರೂಪಿಸಿ, ಅದರ ಒಡೆಯರ ಹಕ್ಕುಗಳನ್ನೂ ಬಳಕೆದಾರರಿಗಿರುವ ವಿನಾಯಿತಿಗಳನ್ನೂ ವಿವರವಾಗಿ ಬರೆಯಿತು. ಹೀಗೆ ಕಾದಂಬರಿಗೆ ಇರುವ ರಕ್ಷಣೆಯೇ ಆಪರೇಟಿಂಗ್ ಸಿಸ್ಟಂಗೂ ದೊರಕಿತು. ಇದೇ ಅಧಿನಿಯಮದ 52ನೆಯ ಕಲಮು, ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯಯುತವಾಗಿ ಹೊಂದಿರುವವರು ಅದನ್ನು ಒದಗಿಸಿದ ಉದ್ದೇಶಕ್ಕಾಗಿ ಬಳಸಲು ಅಗತ್ಯವಾದ ಪ್ರತಿಗಳನ್ನು ಮಾಡಿಕೊಳ್ಳುವುದಕ್ಕೂ, ಮೂಲ ಪ್ರತಿ ಕಳೆದುಹೋದರೆ ಅಥವಾ ಕೆಟ್ಟರೆ ಎಂದು ಕಾಯ್ದಿಡುವ ಬ್ಯಾಕಪ್ ಪ್ರತಿಗೂ ಅವಕಾಶ ಕೊಡುತ್ತದೆ. ಹೀಗಾಗಿ ತನ್ನ ಪರವಾನಗಿಯ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕಾಯ್ದಿಟ್ಟ ಡಿಟಿಪಿ ಕೇಂದ್ರ ತಪ್ಪು ಮಾಡಿದಂತಾಗುವುದಿಲ್ಲ; ಅದೇ ಪ್ರತಿಯಿಂದ ಪಕ್ಕದ ಮೂರು ಯಂತ್ರಗಳಿಗೆ ವಿಂಡೋಸ್ ಹಾಕಿದರೆ ವಿನಾಯಿತಿಯ ಗೆರೆ ದಾಟಿದಂತಾಗುತ್ತದೆ.

ಕೊಂಡವರ ಸ್ಥಾನವೇನು ಎಂಬ ಪ್ರಶ್ನೆ ತೆರಿಗೆಯ ದಾವೆಗಳ ಮೂಲಕವೂ ನ್ಯಾಯಾಲಯಗಳಿಗೆ ಬಂದಿದೆ. ಮುಂದೆ ಕರ್ನಾಟಕದ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರಿದ್ದ ಸುಪ್ರೀಂ ಕೋರ್ಟಿನ ಐವರ ಪೀಠ 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಪ್ರಕರಣದಲ್ಲಿ, ಎಲ್ಲರಿಗೂ ಒಂದೇ ರೂಪದಲ್ಲಿ ಮಾರಾಟವಾಗುವ ಸಿದ್ಧ ತಂತ್ರಾಂಶವು ಮಾರಾಟ ತೆರಿಗೆಯ ಮಟ್ಟಿಗೆ ಸರಕೇ ಹೌದೆಂದು ತೀರ್ಪು ನೀಡಿತು. ವಿದೇಶದ ಕಂಪನಿಯಿಂದ ತಂತ್ರಾಂಶ ತರಿಸಿಕೊಂಡವರು ಕೊಡುವ ಹಣ ಕೃತಿಸ್ವಾಮ್ಯದ ಬಳಕೆಗೆ ಕೊಡುವ ರಾಯಧನವೇ ಎಂಬ ಪ್ರಶ್ನೆಯಲ್ಲಿ ಕರ್ನಾಟಕ ಹೈಕೋರ್ಟ್ 2011ರಲ್ಲಿ ಹೌದೆಂದಿತ್ತು. ಆದರೆ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್, ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಆ ನಿಲುವನ್ನು ತಳ್ಳಿಹಾಕಿ, ಅಂತಿಮ ಬಳಕೆದಾರರಿಗೆ ಕೃತಿಸ್ವಾಮ್ಯದ ಯಾವ ಪಾಲೂ ವರ್ಗಾವಣೆಯಾಗುವುದಿಲ್ಲ, ಅವರಿಗೆ ದೊರೆಯುವುದು ಕೃತಿಸ್ವಾಮ್ಯವುಳ್ಳ ವಸ್ತುವಿನ ಪ್ರತಿಯೊಂದನ್ನು ಷರತ್ತಿನೊಳಗೆ ಬಳಸುವ ಅವಕಾಶ ಮಾತ್ರ ಎಂದು ಸ್ಪಷ್ಟಪಡಿಸಿತು. ತೆರಿಗೆಯ ಲೆಕ್ಕಕ್ಕಾಗಿ ಹುಟ್ಟಿದ ಈ ವಿವೇಚನೆ ಸಾಮಾನ್ಯ ಬಳಕೆದಾರರ ಸ್ಥಾನವನ್ನೂ ತಿಳಿಗೊಳಿಸುತ್ತದೆ.

ಪರವಾನಗಿಯ ಮೂರು ದಾರಿಗಳು

ವಿಂಡೋಸ್ ಬಳಕೆದಾರರನ್ನು ತಲುಪುವ ದಾರಿಗಳು ಮುಖ್ಯವಾಗಿ ಮೂರು. ಪೆಟ್ಟಿಗೆಯಲ್ಲೋ ಆನ್‌ಲೈನ್ ಮಳಿಗೆಯಲ್ಲೋ ಬಿಡಿಯಾಗಿ ಸಿಗುವ ರಿಟೇಲ್ ಪರವಾನಗಿ ಮೊದಲನೆಯದು. ಇದರ ಬೆಲೆ ಹೆಚ್ಚು, ಆದರೆ ಹಳೆಯ ಯಂತ್ರದಿಂದ ತೆಗೆದುಹಾಕಿ ಹೊಸ ಯಂತ್ರಕ್ಕೆ ಒಯ್ಯುವ ಸ್ವಾತಂತ್ರ್ಯವಿರುತ್ತದೆ. ಯಂತ್ರ ತಯಾರಕರು ತಮ್ಮ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪಿನೊಂದಿಗೆ ಸೇರಿಸಿ ಕೊಡುವ ಒಇಎಂ ಪರವಾನಗಿ ಎರಡನೆಯದು. ಇದು ಅಗ್ಗ, ಆದರೆ ಮೊದಲು ನೆಲೆಗೊಂಡ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಯಂತ್ರವೆಂದರೆ ಇಲ್ಲಿ ಮುಖ್ಯವಾಗಿ ಮದರ್‌ಬೋರ್ಡ್: ಅದು ಕೆಟ್ಟುಹೋಗಿ ಬದಲಿ ಹಾಕಿದರೆ ಪರವಾನಗಿ ಮುಂದುವರಿಯುತ್ತದೆ, ಹೆಚ್ಚಿನ ಸಾಮರ್ಥ್ಯಕ್ಕಾಗಿ ಬೇಕೆಂದೇ ಬೇರೆ ಮದರ್‌ಬೋರ್ಡ್ ಹಾಕಿಸಿದರೆ ಅದನ್ನು ಹೊಸ ಯಂತ್ರವೆಂದು ಪರಿಗಣಿಸಲಾಗುತ್ತದೆ. ಹಳೆಯ ಲ್ಯಾಪ್‌ಟಾಪಿನ ತಳದಲ್ಲಿದ್ದ ಸ್ಟಿಕರಿನ ಕೀಯನ್ನು ಹೊಸ ಅಸೆಂಬಲ್ಡ್ ಯಂತ್ರಕ್ಕೆ ಬಳಸುವ ರೂಢಿ ಈ ನಿಯಮದ ಮುಂದೆ ನಿಲ್ಲುವುದಿಲ್ಲ.

ಮೂರನೆಯದಾದ ವಾಲ್ಯೂಮ್ ಪರವಾನಗಿ, ಹಲವು ಯಂತ್ರಗಳಿರುವ ಕಾಲೇಜು, ಕಂಪನಿ, ಕಚೇರಿಗಳಿಗೆಂದು ಒಟ್ಟಾರೆ ಒಪ್ಪಂದದ ಮೂಲಕ ದೊರೆಯುತ್ತದೆ. ಇದರಲ್ಲಿ ಸಂಸ್ಥೆಗಳು ಗಮನಿಸದೆ ಬಿಡುವ ಒಂದು ಮುಖ್ಯ ನಿಯಮವಿದೆ: ವಿಂಡೋಸಿನ ವಾಲ್ಯೂಮ್ ಪರವಾನಗಿ ಸ್ವತಂತ್ರವಾದ ಪರವಾನಗಿಯಲ್ಲ, ಅದು ಮೇಲ್ದರ್ಜೆಗೆ ಏರಿಸುವ ಪರವಾನಗಿ. ಪ್ರತಿಯೊಂದು ಯಂತ್ರಕ್ಕೂ ಅರ್ಹವಾದ ಮೂಲ ಆಪರೇಟಿಂಗ್ ಸಿಸ್ಟಂನ ಪರವಾನಗಿ ಮೊದಲೇ ಇದ್ದು, ಅದರ ಮೇಲೆ ಇದನ್ನು ಹೂಡಬೇಕು. ಬೆಲೆ ಕಡಿಮೆಯೆಂದು ‘ಡಾಸ್’ ಹೆಸರಿನಲ್ಲಿ, ಎಂದರೆ ವಿಂಡೋಸ್ ಇಲ್ಲದೆ ಬರುವ ಯಂತ್ರಗಳನ್ನು ಸಾಲಾಗಿ ಕೊಂಡು, ಅವುಗಳ ಮೇಲೆ ನೇರವಾಗಿ ವಾಲ್ಯೂಮ್ ಆವೃತ್ತಿ ಹಾಕಿದ ಪ್ರಯೋಗಾಲಯವು ಹಣ ಕೊಟ್ಟೂ ನಿಯಮದ ಹೊರಗೆ ಉಳಿಯಬಹುದು. ಕೀ ಸರಿಯಾಗಿದೆ, ಪರದೆ ತಕರಾರು ಮಾಡುತ್ತಿಲ್ಲ, ಆದರೂ ಪರವಾನಗಿ ಪೂರ್ಣವಾಗಿಲ್ಲ.

ಏಳರ ಭಾಗಾಕಾರದಿಂದ ಗುಪ್ತಲಿಪಿಯ ಸಹಿಯವರೆಗೆ

ಕೀ ಸರಿಯಾಗಿದೆಯೆಂದು ಯಂತ್ರ ಹೇಗೆ ಅರಿಯುತ್ತದೆ ಎಂಬುದು ಗಣಿತದ ಪ್ರಶ್ನೆ. ಇಂಟರ್ನೆಟ್ ಎಲ್ಲೆಡೆ ಇಲ್ಲದ ಕಾಲದಲ್ಲಿ, ಮಾರಾಟವಾದ ಎಲ್ಲ ಕೀಗಳ ಪಟ್ಟಿಯನ್ನು ಸಿ.ಡಿ.ಯೊಳಗೇ ಇಡುವುದು ಸಾಧ್ಯವಿರಲಿಲ್ಲ. ಇಟ್ಟರೆ ಅದನ್ನು ಓದಿಕೊಳ್ಳುವವರೂ ಇರುತ್ತಿದ್ದರು. ಆದ್ದರಿಂದ ಕೀಯೊಳಗೇ ಒಂದು ಲೆಕ್ಕವನ್ನು ಅಡಗಿಸಿ, ಆ ಲೆಕ್ಕ ಕೂಡಿಬರುತ್ತದೆಯೇ ಎಂದು ಮಾತ್ರ ನೋಡುವ ವಿಧಾನ ರೂಢಿಗೆ ಬಂತು. ವಿಂಡೋಸ್ 95ರ ಸಿ.ಡಿ. ಕೀಯಲ್ಲಿ ಮೊದಲು ಮೂರು ಅಂಕಿಗಳು, ಅನಂತರ ಏಳು ಅಂಕಿಗಳು ಇರುತ್ತಿದ್ದವು. ಮೊದಲ ಗುಂಪಿನಲ್ಲಿ ಕೆಲವು ಸಂಖ್ಯೆಗಳಿಗೆ ನಿಷೇಧವಿತ್ತು, ಎರಡನೆಯ ಗುಂಪಿನ ಅಂಕಿಗಳ ಮೊತ್ತ ಏಳರಿಂದ ಶೇಷವಿಲ್ಲದೆ ಭಾಗವಾಗಬೇಕಿತ್ತು. ನಿಯಮವನ್ನು ತಿಳಿಯಲು 1234567 ಎಂಬ ಸಂಖ್ಯೆಯನ್ನು ತೆಗೆದುಕೊಂಡರೆ, ಅಂಕಿಗಳ ಮೊತ್ತ 28 ಆಗುವುದರಿಂದ ಅದು ಪಾಸಾಗುತ್ತದೆ. ಕೊನೆಯ ಅಂಕಿಯನ್ನು 8 ಮಾಡಿದರೆ ಮೊತ್ತ 29 ಆಗಿ ತಿರಸ್ಕೃತವಾಗುತ್ತದೆ. ಟೈಪು ಮಾಡುವಾಗ ಆದ ತಪ್ಪನ್ನು ಹಿಡಿಯಲು ಈ ಲೆಕ್ಕ ಸಾಕು, ಆದರೆ ಊಹಿಸಿ ಬರೆದ ಸಂಖ್ಯೆಗಳಲ್ಲಿ ಸುಮಾರು ಏಳಕ್ಕೊಂದು ಪಾಸಾಗುವುದರಿಂದ ಕಾವಲಿಗೆ ಇದು ಏನೇನೂ ಸಾಲದು.

ವಿಂಡೋಸ್ ಎಕ್ಸ್‌ಪಿಯ ಕಾಲದ ಕೀಯಲ್ಲಿ ಐದೈದು ಅಕ್ಷರಗಳ ಐದು ಗುಂಪುಗಳಿದ್ದು, ಒಟ್ಟು 25 ಸ್ಥಾನಗಳಿದ್ದವು. ಪ್ರತಿ ಸ್ಥಾನದಲ್ಲಿ ಬರಬಹುದಾದ ಚಿಹ್ನೆಗಳು 24: ರೋಮನ್ ಲಿಪಿಯ 17 ಅಕ್ಷರಗಳು, 7 ಅಂಕಿಗಳು. ಸೊನ್ನೆ ಮತ್ತು ‘ಒ’, ಒಂದು ಮತ್ತು ‘ಐ’ ಅಥವಾ ‘ಎಲ್’, ಐದು ಮತ್ತು ‘ಎಸ್’ ಹೀಗೆ ಕಣ್ಣಿಗೆ ಒಂದೇ ತೆರನಾಗಿ ಕಾಣುವ ಜೋಡಿಗಳನ್ನು ಕೈಬಿಟ್ಟದ್ದರಿಂದ, ಚಿಕ್ಕ ಸ್ಟಿಕರಿನಿಂದ ನೋಡಿ ಟೈಪು ಮಾಡುವವರಿಗೆ ಗೊಂದಲ ತಪ್ಪಿತು. 24ನ್ನು 24ರಿಂದಲೇ ಗುಣಿಸುತ್ತ 25 ಸ್ಥಾನಗಳಿಗೂ ಲೆಕ್ಕ ಹಾಕಿದರೆ, 32ರ ಮುಂದೆ 33 ಸೊನ್ನೆಗಳನ್ನು ಬರೆದಷ್ಟು ದೊಡ್ಡ ಸಂಖ್ಯೆ ಬರುತ್ತದೆ. ಗಣಕದ ಭಾಷೆಯಲ್ಲಿ ಇದು ಸುಮಾರು 114 ಬಿಟ್‌ಗಳ ಮಾಹಿತಿ. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಎರಡೇ ಬೆಲೆಗಳುಳ್ಳ ಅತ್ಯಂತ ಚಿಕ್ಕ ಮಾಹಿತಿ ಘಟಕ.

ಈ 114 ಬಿಟ್‌ಗಳಲ್ಲಿ ಒಂದು ಭಾಗ ಕ್ರಮಸಂಖ್ಯೆಯಾದರೆ, ಉಳಿದದ್ದು ಡಿಜಿಟಲ್ ಸಹಿಗೆ ಸಂಬಂಧಿಸಿದ್ದು. ಡಿಜಿಟಲ್ ಸಹಿ ಎಂದರೆ ಒಂದಕ್ಕೊಂದು ಸಂಬಂಧವಿರುವ ಎರಡು ಸಂಖ್ಯೆಗಳ ಮೇಲೆ ನಿಂತ ವ್ಯವಸ್ಥೆ. ಖಾಸಗಿ ಸಂಖ್ಯೆ ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿಯ ಬಳಿ ಗುಟ್ಟಾಗಿ ಇರುತ್ತದೆ, ಅದರಿಂದ ಸಹಿ ಹಾಕಬಹುದು. ಸಾರ್ವಜನಿಕ ಸಂಖ್ಯೆ ಸಿ.ಡಿ.ಯಲ್ಲೇ ಇರುತ್ತದೆ, ಅದರಿಂದ ಸಹಿ ನಿಜವೇ ಎಂದು ಪರೀಕ್ಷಿಸಬಹುದು, ಆದರೆ ಹೊಸ ಸಹಿ ಹಾಕಲಾಗುವುದಿಲ್ಲ. ಎಕ್ಸ್‌ಪಿಯ ಕೀಗಳಲ್ಲಿ ಇದಕ್ಕೆ ಬಳಸಿದ್ದು ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಗಳ ಗಣಿತ. ಅದರಲ್ಲಿ ಒಂದು ದಿಕ್ಕಿನ ಲೆಕ್ಕ ಸುಲಭ, ಹಿಂದಿರುಗುವ ಲೆಕ್ಕ ಅತಿ ಕಷ್ಟ. ಹೀಗೆ ಏಳರ ಭಾಗಾಕಾರದ ಜಾಗದಲ್ಲಿ, ಪರೀಕ್ಷಿಸುವ ವಿಧಾನವನ್ನು ಪೂರ್ತಿ ಬಿಚ್ಚಿಟ್ಟರೂ ಹೊಸ ಕೀ ತಯಾರಿಸಲು ಸುಲಭವಾಗಿ ಎಡೆಗೊಡದ ವ್ಯವಸ್ಥೆ ಬಂತು. ಇಲ್ಲಿಯೂ ಒಂದು ಇಕ್ಕಟ್ಟು ಇತ್ತು: ಸಹಿ ಉದ್ದವಾದಷ್ಟೂ ಭದ್ರ, ಆದರೆ ಮನುಷ್ಯರು ಕೈಯಿಂದ ಟೈಪು ಮಾಡಬೇಕಾದ್ದರಿಂದ ಕೀ ಗಿಡ್ಡವಾಗಿರಬೇಕು. ಇಪ್ಪತ್ತೈದು ಅಕ್ಷರಗಳೆಂಬುದು ಈ ಎರಡು ಒತ್ತಡಗಳ ನಡುವೆ ಕಂಡುಕೊಂಡ ರಾಜಿ.

ಆಕ್ಟಿವೇಶನ್: ಕೀ ಮತ್ತು ಯಂತ್ರದ ಗಂಟು

ಸಹಿಯ ಗಣಿತ ಎಷ್ಟೇ ಬಲವಾಗಿರಲಿ, ಅದು ತಡೆಯುವುದು ನಕಲಿ ಕೀಯನ್ನು ಮಾತ್ರ. ನಿಜವಾದ ಒಂದೇ ಕೀಯನ್ನು ನೂರು ಜನ ಹಂಚಿಕೊಂಡರೆ ಪ್ರತಿಯೊಂದು ಯಂತ್ರದಲ್ಲೂ ಲೆಕ್ಕ ಕೂಡಿಯೇ ಬರುತ್ತದೆ. ಈ ದೌರ್ಬಲ್ಯವನ್ನು ಮುಚ್ಚಲು 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಆಕ್ಟಿವೇಶನ್ ಎಂಬ ಹಂತ ಸೇರಿತು. ಕನ್ನಡಿಗರ ಮಟ್ಟಿಗೆ ಎಕ್ಸ್‌ಪಿಗೆ ಇನ್ನೊಂದು ಮಹತ್ವವೂ ಇದೆ: ‘ತುಂಗಾ’ ಎಂಬ ಅಕ್ಷರಶೈಲಿಯೊಂದಿಗೆ ಕನ್ನಡ ಲಿಪಿಗೆ ಯೂನಿಕೋಡ್ ಆಸರೆ ವಿಂಡೋಸಿನಲ್ಲಿ ಬಂದದ್ದು ಈ ಆವೃತ್ತಿಯಿಂದಲೇ. ತಮ್ಮ ಲಿಪಿಯನ್ನು ಯಂತ್ರದ ಮೂಲ ತಂತ್ರಾಂಶದಲ್ಲೇ ಪಡೆಯುವ ಅವಕಾಶವೂ, ಆ ತಂತ್ರಾಂಶದ ಪರವಾನಗಿಯನ್ನು ಕಂಪನಿಯ ಮುಂದೆ ರುಜುವಾತು ಮಾಡಬೇಕಾದ ಹೊಣೆಯೂ ಕನ್ನಡದ ಬಳಕೆದಾರರಿಗೆ ಒಟ್ಟಿಗೇ ಬಂದವು.

ಎಕ್ಸ್‌ಪಿಯು ಇನ್‌ಸ್ಟಾಲ್ ಆದ ಮೇಲೆ 30 ದಿನಗಳ ಗಡುವು ಕೊಡುತ್ತಿತ್ತು. ಅಷ್ಟರಲ್ಲಿ ಯಂತ್ರವು ತನ್ನ ಭಾಗಗಳಾದ ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಸಿ.ಡಿ. ಡ್ರೈವ್, ಮೆಮೊರಿಯ ಪ್ರಮಾಣ ಮುಂತಾದವುಗಳ ಗುರುತುಗಳನ್ನು ಸಂಗ್ರಹಿಸಿ, ಹ್ಯಾಶ್ ಎಂಬ ವಿಧಾನದಿಂದ 64 ಬಿಟ್‌ಗಳ ಒಂದು ಸಂಖ್ಯೆಯಾಗಿ ಅಡಕಗೊಳಿಸುತ್ತಿತ್ತು. ಹ್ಯಾಶ್ ಎಂದರೆ ದೊಡ್ಡ ಮಾಹಿತಿಯನ್ನು ನಿಗದಿತ ಅಳತೆಯ ಚಿಕ್ಕ ಸಂಖ್ಯೆಗೆ ಇಳಿಸುವ ಲೆಕ್ಕ; ಮೂಲ ಒಂದೇ ಆಗಿದ್ದರೆ ಫಲ ಒಂದೇ, ಆದರೆ ಫಲದಿಂದ ಮೂಲಕ್ಕೆ ಹಿಂದಿರುಗಲಾಗುವುದಿಲ್ಲ. ಉದಾಹರಣೆಗೆ ನೆಟ್‌ವರ್ಕ್ ಕಾರ್ಡಿನ 48 ಬಿಟ್ ವಿಳಾಸಕ್ಕೆ ಈ ಸಂಖ್ಯೆಯಲ್ಲಿ ಸಿಗುತ್ತಿದ್ದ ಜಾಗ 10 ಬಿಟ್ ಮಾತ್ರ, ಎಂದರೆ 1024 ಬೆಲೆಗಳಲ್ಲಿ ಒಂದು. ಆದ್ದರಿಂದ ಆ ಬೆಲೆಯನ್ನು ಕಂಡವರು ಕಾರ್ಡಿನ ನಿಜವಾದ ವಿಳಾಸವನ್ನು ಹೇಳಲಾರರು, ಆದರೆ ಯಂತ್ರ ಬದಲಾಗಿದೆಯೇ ಎಂಬುದನ್ನು ಬಹುಮಟ್ಟಿಗೆ ಊಹಿಸಬಲ್ಲರು. ಈ ಸಂಖ್ಯೆ ಮತ್ತು ಕೀಯಿಂದ ಹುಟ್ಟಿದ ಗುರುತು ಎರಡೂ ಕಂಪನಿಯ ಸರ್ವರನ್ನು ತಲುಪಿ ಜೋಡಿಯಾಗಿ ದಾಖಲಾಗುತ್ತಿದ್ದವು. ಮುಂದೆ ಅದೇ ಕೀ ಬೇರೆ ಯಂತ್ರದಿಂದ ಬಂದರೆ ಸರ್ವರ್ ಅದನ್ನು ತಡೆಯಬಹುದಿತ್ತು. ಇಂಟರ್ನೆಟ್ ಇಲ್ಲದವರು ಪರದೆಯ ಮೇಲಿನ 50 ಅಂಕಿಗಳನ್ನು ದೂರವಾಣಿಯಲ್ಲಿ ಒಪ್ಪಿಸಿ, ಉತ್ತರವಾಗಿ ಬಂದ 42 ಅಂಕಿಗಳನ್ನು ಟೈಪು ಮಾಡಬೇಕಿತ್ತು. ಒಂದೆರಡು ಭಾಗ ಬದಲಾದರೆ ವ್ಯವಸ್ಥೆ ಸಹಿಸಿಕೊಳ್ಳುತ್ತಿತ್ತು, ಹಲವು ಭಾಗ ಒಟ್ಟಿಗೆ ಬದಲಾದರೆ ಮತ್ತೆ ಆಕ್ಟಿವೇಟ್ ಮಾಡುವಂತೆ ಕೇಳುತ್ತಿತ್ತು.

ಅಚ್ಚಿನ ಉದ್ಯಮದವರಿಗೆ ಪರಿಚಿತವಾದ ಡಾಂಗಲ್ ಇದೇ ಸಮಸ್ಯೆಗೆ ಬೇರೆ ಪರಿಹಾರ. ಭಾರತೀಯ ಭಾಷೆಗಳ ಡಿಟಿಪಿ ತಂತ್ರಾಂಶಗಳೊಂದಿಗೆ ಬರುತ್ತಿದ್ದ ಈ ಚಿಕ್ಕ ಸಾಧನವನ್ನು ಗಣಕಕ್ಕೆ ಸಿಕ್ಕಿಸಿದ್ದರೆ ಮಾತ್ರ ತಂತ್ರಾಂಶ ನಡೆಯುತ್ತಿತ್ತು. ಎಷ್ಟು ಯಂತ್ರಗಳಿಗೆ ಹಾಕಿದರೂ ಒಂದು ಸಲಕ್ಕೆ ಒಂದೇ ಯಂತ್ರದಲ್ಲಿ ಕೆಲಸ ಸಾಧ್ಯವಾಗುತ್ತಿತ್ತು. ಆಪರೇಟಿಂಗ್ ಸಿಸ್ಟಂಗಳು ಈ ದಾರಿ ಹಿಡಿಯದೆ, ಯಂತ್ರವನ್ನೇ ಗುರುತಿನ ಸಾಧನವನ್ನಾಗಿ ಮಾಡಿಕೊಂಡವು. 2012ರ ವಿಂಡೋಸ್ 8ರಿಂದ ದೊಡ್ಡ ತಯಾರಕರ ಯಂತ್ರಗಳಲ್ಲಿ ಕೀಯು ಸ್ಟಿಕರಿನ ಬದಲು ಮದರ್‌ಬೋರ್ಡಿನ ಚಿಪ್ಪಿನೊಳಗಿನ ಫರ್ಮ್‌ವೇರಿನಲ್ಲಿ, ಎಂದರೆ ಯಂತ್ರ ಚಾಲೂ ಆಗುತ್ತಲೇ ಮೊದಲು ನಡೆಯುವ ಮೂಲ ಪ್ರೋಗ್ರಾಮಿನಲ್ಲಿ ಬರೆದು ಬರುತ್ತದೆ; ಅಂಥ ಲ್ಯಾಪ್‌ಟಾಪಿಗೆ ಅದೇ ಆವೃತ್ತಿಯನ್ನು ಮತ್ತೆ ಹಾಕುವಾಗ ಇನ್‌ಸ್ಟಲೇಶನ್ ತಾನಾಗಿ ಅದನ್ನು ಓದಿಕೊಳ್ಳುವುದರಿಂದ ಯಾವ ಕೀಯನ್ನೂ ಕೊಳ್ಳುವ ಅಗತ್ಯವಿಲ್ಲ. 2015ರ ವಿಂಡೋಸ್ 10ರಲ್ಲಿ ಡಿಜಿಟಲ್ ಪರವಾನಗಿ ಬಂದು, ಯಂತ್ರದ ಗುರುತೇ ಸರ್ವರಿನಲ್ಲಿ ದಾಖಲಾಗಿ, ಒಮ್ಮೆ ಆಕ್ಟಿವೇಟ್ ಆದ ಯಂತ್ರಕ್ಕೆ ಮರಳಿ ಕೀ ಕೇಳುವುದೇ ತಪ್ಪಿತು.

ದೊಡ್ಡ ಸಂಸ್ಥೆಗಳಿಗೆ ವಿಂಡೋಸ್ ವಿಸ್ಟಾದ ಕಾಲದಿಂದ ಕೆಎಂಎಸ್ ಎಂಬ ವ್ಯವಸ್ಥೆ ಇದೆ. ಇದರಲ್ಲಿ ಪ್ರತಿ ಯಂತ್ರ ಕಂಪನಿಯ ಸರ್ವರನ್ನು ಕೇಳುವ ಬದಲು ಸಂಸ್ಥೆಯೊಳಗಿನ ಒಂದು ಸರ್ವರನ್ನು ಕೇಳುತ್ತದೆ. ಕನಿಷ್ಠ 25 ಯಂತ್ರಗಳು ಕೇಳಿದ ಹೊರತು ಅದು ಬಳಕೆದಾರರ ಯಂತ್ರಗಳಿಗೆ ಒಪ್ಪಿಗೆ ಕೊಡುವುದಿಲ್ಲ, ಕೊಟ್ಟ ಒಪ್ಪಿಗೆ 180 ದಿನ ಮಾತ್ರ ನಿಲ್ಲುವುದರಿಂದ ಯಂತ್ರಗಳು ಮತ್ತೆ ಮತ್ತೆ ಸಂಪರ್ಕಿಸಿ ನವೀಕರಿಸಿಕೊಳ್ಳುತ್ತವೆ. ಈ ಯಂತ್ರಗಳಲ್ಲಿ ತುಂಬಬೇಕಾದ 25 ಅಕ್ಷರಗಳ ಕೀಗಳನ್ನು ಮೈಕ್ರೋಸಾಫ್ಟ್ ಎಲ್ಲರೂ ಓದುವಂತೆ ತಾನೇ ಪ್ರಕಟಿಸಿದೆ. ಗುಟ್ಟೇ ಅಲ್ಲದ ಈ ಕೀಗಳು ಒಂದು ಮುಖ್ಯ ಸತ್ಯವನ್ನು ತೋರಿಸಿಕೊಡುತ್ತವೆ: ಅವುಗಳನ್ನು ಯಾರು ಬೇಕಾದರೂ ಟೈಪು ಮಾಡಬಹುದು, ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಸಂಸ್ಥೆಗೆ ಮಾತ್ರ ಅವು ಪರವಾನಗಿಯ ಭಾಗ. ಹೊಲದ ಗೇಟಿನ ಬೀಗ ತೆರೆಯಬಲ್ಲವರೆಲ್ಲರ ಹೆಸರು ಹೇಗೆ ಉತಾರದಲ್ಲಿ ಇರುವುದಿಲ್ಲವೋ, ಹಾಗೆಯೇ ಕೀಯನ್ನು ಬಲ್ಲವರೆಲ್ಲರೂ ಪರವಾನಗಿದಾರರಲ್ಲ.

ಗೆರೆ ದಾಟಿದಾಗ

ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮು, ಉಲ್ಲಂಘನೆಯ ಪ್ರತಿಯೆಂದು ತಿಳಿದೂ ಪ್ರೋಗ್ರಾಮನ್ನು ಗಣಕದಲ್ಲಿ ಬಳಸುವುದನ್ನೇ ಅಪರಾಧವಾಗಿ ಪರಿಗಣಿಸುತ್ತದೆ. ಶಿಕ್ಷೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, ಜೊತೆಗೆ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿಲ್ಲದಿದ್ದರೆ, ಕಾರಣಗಳನ್ನು ದಾಖಲಿಸಿ, ಸೆರೆವಾಸ ಬಿಟ್ಟು 50,000 ರೂಪಾಯಿ ಮೀರದ ದಂಡ ವಿಧಿಸುವ ವಿವೇಚನೆ ನ್ಯಾಯಾಲಯಕ್ಕಿದೆ. 2012ರಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣಾ ಕ್ರಮವನ್ನು ಮುರಿಯುವುದಕ್ಕೆ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ಆಕ್ಟಿವೇಶನ್ನನ್ನು ವಂಚಿಸುವ ‘ಕ್ರ್ಯಾಕ್’ಗಳನ್ನು ಈ ಕಲಮಿನ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಕರ್ನಾಟಕವಂತೂ ಇನ್ನೂ ಮುಂದೆ ಹೋಗಿ, ಗೂಂಡಾ ಕಾಯ್ದೆ ಎಂದೇ ಹೆಸರಾದ 1985ರ ತನ್ನ ಮುಂಜಾಗ್ರತಾ ಬಂಧನದ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ವ್ಯಾಪಾರದ ಉದ್ದೇಶದಿಂದ ಪುಸ್ತಕ, ಸಂಗೀತ, ಚಲನಚಿತ್ರ, ತಂತ್ರಾಂಶ ಮುಂತಾದವುಗಳ ಕೃತಿಸ್ವಾಮ್ಯವನ್ನು ತಿಳಿದೂ ಉಲ್ಲಂಘಿಸುವವರನ್ನು ಡಿಜಿಟಲ್ ಅಪರಾಧಿಗಳೆಂಬ ವರ್ಗಕ್ಕೆ ಸೇರಿಸಿತು. ವಿಚಾರಣೆ ಮುಗಿಯುವ ಮೊದಲೇ ಬಂಧನದಲ್ಲಿಡಲು ಅವಕಾಶ ಕೊಡುವ ಇಂಥ ಕಾಯ್ದೆಯನ್ನು ತಂತ್ರಾಂಶದ ನಕಲಿಗೂ ಚಾಚುವುದು ಅಪರಾಧದ ಪ್ರಮಾಣಕ್ಕೆ ಮೀರಿದ ಕ್ರಮ. ನಾಗರಿಕರ ಸ್ವಾತಂತ್ರ್ಯದ ದೃಷ್ಟಿಯಿಂದ ಅದನ್ನು ಪ್ರಶ್ನಿಸುವುದು ಅಗತ್ಯ, ಆದರೆ ಅದು ಜಾರಿಯಲ್ಲಿದೆ ಎಂಬುದನ್ನು ಅಂಗಡಿಕಾರರು ಅರಿತಿರುವುದೂ ಅಷ್ಟೇ ಅಗತ್ಯ.

ಕಾನೂನಿನ ಭಯಕ್ಕಿಂತ ಹತ್ತಿರದ ಅಪಾಯ ಭದ್ರತೆಯದು. ಕ್ರ್ಯಾಕ್ ಎಂಬುದು ಯಂತ್ರದ ಮೇಲೆ ಪೂರ್ಣ ಅಧಿಕಾರ ಪಡೆದು ನಡೆಯುವ ಅಪರಿಚಿತ ಪ್ರೋಗ್ರಾಂ; ಆಂಟಿವೈರಸ್ ನಿಲ್ಲಿಸಿ ಇದನ್ನು ನಡೆಸಬೇಕೆಂಬ ಸೂಚನೆಯೊಂದಿಗೇ ಅದು ಬರುವುದರಿಂದ, ದುಷ್ಟ ತಂತ್ರಾಂಶ ಹರಡುವವರಿಗೆ ಅದು ತೆರೆದ ಬಾಗಿಲು. ಆಕ್ಟಿವೇಶನ್ ಮತ್ತೆ ತಪ್ಪೀತೆಂಬ ಅಂಜಿಕೆಯಿಂದ ಇಂಥ ಯಂತ್ರಗಳಲ್ಲಿ ಅಪ್‌ಡೇಟುಗಳನ್ನೂ ನಿಲ್ಲಿಸಲಾಗುತ್ತದೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ದಾಳಿ, ಕಡತಗಳನ್ನು ಗುಪ್ತಲಿಪಿಯಲ್ಲಿ ಬಂಧಿಸಿ ಹಣ ಕೇಳಿತು. ಅದು ಒಳನುಗ್ಗಿದ ದೋಷಕ್ಕೆ ಆಗ ಬೆಂಬಲದಲ್ಲಿದ್ದ ವಿಂಡೋಸ್ ಆವೃತ್ತಿಗಳಿಗೆ ಅದೇ ವರ್ಷದ ಮಾರ್ಚ್ 14ರಂದೇ ಪರಿಹಾರ ಬಿಡುಗಡೆಯಾಗಿತ್ತು. ಎರಡು ತಿಂಗಳು ಅಪ್‌ಡೇಟ್ ಕಾಣದ ಯಂತ್ರಗಳು ಬೆಲೆ ತೆತ್ತವು. ಕೆಲವು ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ಕೀಗಳ ವಿಷಯದಲ್ಲಿಯೂ ಎಚ್ಚರ ಬೇಕು: ಅವುಗಳಲ್ಲಿ ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಯನ್ನು ಬಿಡಿಬಿಡಿಯಾಗಿ ಮಾರಿದವೂ ಇರುತ್ತವೆ, ಮೊದಲ ದಿನ ಆಕ್ಟಿವೇಟ್ ಆದರೂ ಕಂಪನಿ ಅಂಥ ಕೀಯನ್ನು ತಡೆಹಿಡಿದ ದಿನ ಕೊಂಡವರ ಕೈಯಲ್ಲಿ ಹಕ್ಕಿನ ಯಾವ ದಾಖಲೆಯೂ ಉಳಿಯುವುದಿಲ್ಲ.

ಕೀ ಬೇಡದ ಪರವಾನಗಿ

ಕೀ ಇಲ್ಲದೆಯೂ ಪರವಾನಗಿ ಇರಬಲ್ಲದು ಎಂಬುದಕ್ಕೆ ಲಿನಕ್ಸ್ ನಿದರ್ಶನ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಹುಟ್ಟಿದ ಜಿಪಿಎಲ್ ಎಂಬ ಪರವಾನಗಿಯ ಮೊದಲ ಆವೃತ್ತಿ 1989ರಲ್ಲಿ, ಎರಡನೆಯದು 1991ರಲ್ಲಿ ಬಂದವು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, 1992ರಲ್ಲಿ ಅದೇ ಪರವಾನಗಿಯಡಿ ಬಂತು. ಪ್ರೋಗ್ರಾಮನ್ನು ಯಾವ ಉದ್ದೇಶಕ್ಕಾದರೂ ನಡೆಸಬಹುದು, ಅದರ ಮೂಲ ಸಂಕೇತವನ್ನು ಓದಿ ತಿದ್ದಬಹುದು, ಎಷ್ಟು ಜನರಿಗಾದರೂ ಹಂಚಬಹುದು, ತಿದ್ದಿದ ರೂಪವನ್ನೂ ಹಂಚಬಹುದು. ಆದರೆ ಹಂಚುವವರು ಮೂಲ ಸಂಕೇತವನ್ನೂ ಒದಗಿಸಬೇಕು, ಪಡೆದವರಿಗೂ ಇದೇ ಹಕ್ಕುಗಳನ್ನು ಉಳಿಸಬೇಕು. ಆದ್ದರಿಂದ ಮುಕ್ತವೆಂದರೆ ನಿಯಮವಿಲ್ಲದ್ದು ಎಂದು ತಿಳಿಯಬಾರದು. ಜಿಪಿಎಲ್ ನಿಂತಿರುವುದೂ ಕೃತಿಸ್ವಾಮ್ಯದ ಕಾನೂನಿನ ಮೇಲೆಯೇ, ಅದು ಆ ಕಾನೂನನ್ನು ಹಂಚಿಕೆಯ ರಕ್ಷಣೆಗೆ ಬಳಸುತ್ತದೆ.

ಇಂಥ ಪರವಾನಗಿ ಶಿಕ್ಷಣದಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡಿಗರ ನಡುವೆಯೇ ಉದಾಹರಣೆ ಇದೆ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಮತ್ತು ಅದರ ಮುಂದುವರಿಕೆಯಾದ ಕೈಟ್ ಸಂಸ್ಥೆ, ಶಾಲೆಗಳಿಗಾಗಿಯೇ ಸಿದ್ಧಪಡಿಸಿದ ಗ್ನೂ/ಲಿನಕ್ಸ್ ಆವೃತ್ತಿಯನ್ನು ರಾಜ್ಯದ ಶಾಲೆಗಳಿಗೆ ಒದಗಿಸಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಅದರ ವ್ಯಾಪ್ತಿಯಲ್ಲಿವೆ. ಅಲ್ಲಿಯ ಮಕ್ಕಳು ಶಾಲೆಯಲ್ಲಿ ಕಲಿತ ತಂತ್ರಾಂಶವನ್ನೇ ಮನೆಯ ಹಳೆಯ ಗಣಕಕ್ಕೂ ಯಾವ ಕೀ ಇಲ್ಲದೆ, ಯಾವ ಕಾನೂನನ್ನೂ ಮುರಿಯದೆ ಹಾಕಿಕೊಳ್ಳಬಹುದು. ಕೇದಗೆ, ಮಲ್ಲಿಗೆ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಮುಂತಾದ ಕನ್ನಡದ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ದೊರೆಯುವುದರಿಂದ, ಕನ್ನಡದ ಬರವಣಿಗೆಗೂ ಪರರ ಮರ್ಜಿ ಕಾಯಬೇಕಿಲ್ಲ. ಕೇಂದ್ರ ಸರ್ಕಾರವೂ 2015ರಲ್ಲಿ ಮುಕ್ತ ಮೂಲ ತಂತ್ರಾಂಶವನ್ನು ಸರ್ಕಾರಿ ಬಳಕೆಯಲ್ಲಿ ಅಳವಡಿಸಿಕೊಳ್ಳುವ ನೀತಿಯನ್ನು ಪ್ರಕಟಿಸಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದು, ವಿಂಡೋಸ್ 11 ಹಲವು ಹಳೆಯ ಯಂತ್ರಗಳನ್ನು ಒಪ್ಪದಿರುವಾಗ ಈ ದಾರಿಯ ಬೆಲೆ ಇನ್ನೂ ಹೆಚ್ಚಿದೆ, ಏಕೆಂದರೆ ಪರವಾನಗಿ ಕಾಯಂ ಆಗಿದ್ದರೂ ಭದ್ರತೆಯ ಅಪ್‌ಡೇಟ್ ಕಾಯಂ ಆಗಿರುವುದಿಲ್ಲ.

ಪ್ರತಿಯೊಂದು ಪ್ರಯೋಗಾಲಯ, ಡಿಟಿಪಿ ಕೇಂದ್ರ, ಕಚೇರಿ ತನ್ನ ಯಂತ್ರಗಳಿಗೆ ಯಾವ ಬಗೆಯ ಪರವಾನಗಿ ಇದೆ, ಅದರ ರಸೀದಿ ಎಲ್ಲಿದೆ, ಅದು ಯಾವ ಯಂತ್ರಕ್ಕೆ ಅಂಟಿದೆ ಎಂಬ ಒಂದು ಪಟ್ಟಿಯನ್ನು ಇಟ್ಟುಕೊಳ್ಳಬೇಕು. ಕೊಳ್ಳುವ ಹಣವಿಲ್ಲದ ಕಡೆ ಕ್ರ್ಯಾಕಿನ ಬದಲು ಲಿನಕ್ಸನ್ನು ಆರಿಸಿಕೊಳ್ಳಬೇಕು. ಇಂಜಿನಿಯರಿಂಗ್ ತರಗತಿಗಳು ಪ್ರೋಗ್ರಾಂ ಬರೆಯುವುದನ್ನು ಕಲಿಸುವಾಗಲೇ ಅದರ ಪರವಾನಗಿಯನ್ನು ಓದುವುದನ್ನೂ ಕಲಿಸಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಕಲಿಯುತ್ತಿರುವ ಯುವಕ ಯುವತಿಯರು ನಾಳೆ ತಂತ್ರಾಂಶವನ್ನು ಬಳಸುವವರಷ್ಟೇ ಆಗಿ ಉಳಿಯುವುದಿಲ್ಲ, ಅದನ್ನು ಬರೆದು ಮಾರುವವರೂ, ಬರೆದು ಎಲ್ಲರಿಗೂ ಹಂಚುವವರೂ ಆಗುತ್ತಾರೆ. ಅವರು ಬರೆದದ್ದನ್ನು ಮಾರುವ ಹಕ್ಕನ್ನೂ, ಮುಕ್ತವಾಗಿ ಹಂಚಿದ್ದು ಮುಕ್ತವಾಗಿಯೇ ಉಳಿಯಬೇಕೆಂದು ಕೇಳುವ ಹಕ್ಕನ್ನೂ ಕಾಯುವುದು ಒಂದೇ ಕಾನೂನು. ಇನ್ನೊಬ್ಬರ ಪರವಾನಗಿಗೆ ಇಂದು ಅವರು ಕೊಡುವ ಗೌರವವೇ ನಾಳೆ ತಮ್ಮ ಕೃತಿಗೆ ಅದೇ ಗೌರವವನ್ನು ಕೇಳಲು ಅವರಿಗೆ ಅಧಿಕಾರ ಕೊಡುತ್ತದೆ.